ಬಾಯ್ಲರ್ ಪೂಜೆಗೆ ಮುನ್ನ ಸಮ್ಮತಿ ಪತ್ರ ಕೇಳಿ



ಕಬ್ಬು ನುರಿಯುವ ಹಂಗಾಮು ಹತ್ತಿರವಾದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ನಮ್ಮ ಮಠಗಳಿಗೆ ಒಂದರ ಹಿಂದೊಂದು ಆಮಂತ್ರಣ ಬರುತ್ತವೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪ್ರದೀಪನ, ಪೂಜ್ಯರ ಸಾನ್ನಿಧ್ಯ, ಹಾರ, ಶಾಲು, ಆಶೀರ್ವಚನ. ಎರಡು ತಿಂಗಳು ಕಳೆದು ಕಾರ್ಖಾನೆಯ ಕೆಳಗಿನ ಹಳ್ಳ ಕರ್ರಗಾಗಿ ನಾರತೊಡಗಿದರೆ ಊರವರು ಮೂಗು ಮುಚ್ಚಿಕೊಂಡು ಸುಮ್ಮನಾಗುತ್ತಾರೆ. 'ಸ್ವಾಮಿಗಳೇ ಹೋಗಿ ಹರಸಿ ಬಂದಾರ, ನಾವೇನು ಕೇಳೋದು?' ಎಲ್ಲ ಕಾರ್ಖಾನೆಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಾವುದು ಹೀಗೆ, ಯಾವುದು ಹಾಗಲ್ಲ ಎಂದು ನಾವು ಒಮ್ಮೆಯಾದರೂ ವಿಚಾರಿಸಿದ್ದೇವೆಯೆ?

ವಿಚಾರಿಸಲು ದಾರಿ ಇದೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯನ್ನು ಮೊದಲೇ ಒಪ್ಪಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ 24ನೆಯ ಕಲಂ ಪ್ರಕಾರ ಹಳ್ಳ, ಹೊಳೆ, ಬಾವಿಗೆ ಗೊತ್ತಿದ್ದೂ ಮಲಿನ ವಸ್ತು ಬಿಡುವುದು ಅಪರಾಧ. 25ನೆಯ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲದೆ ತ್ಯಾಜ್ಯ ನೀರು ಬಿಡುವಂತಿಲ್ಲ. ಎಷ್ಟು ನೀರು, ಎಲ್ಲಿಗೆ, ಯಾವ ಮಟ್ಟಕ್ಕೆ ಶುದ್ಧಗೊಳಿಸಿ ಎಂಬ ಷರತ್ತುಗಳೆಲ್ಲ ಆ ಸಮ್ಮತಿ ಪತ್ರದಲ್ಲಿರುತ್ತವೆ. ಷರತ್ತು ಮುರಿದವರಿಗೆ 33ಎ ಕಲಂನಡಿ ಮಂಡಳಿ ಆದೇಶ ಕೊಡಬಹುದು. ಕಾರ್ಖಾನೆ ಮುಚ್ಚಿಸಬಹುದು, ಕರೆಂಟು, ನೀರು ಕಡಿತಗೊಳಿಸಬಹುದು. ಆ ಆದೇಶವನ್ನೂ ಮೀರಿದವರಿಗೆ ಮೂಲ ಕಾಯ್ದೆಯಲ್ಲಿ ಕನಿಷ್ಠ ಒಂದೂವರೆ ವರ್ಷ, ಗರಿಷ್ಠ ಆರು ವರ್ಷ ಜೈಲು.

ಈಗ ಈ ಹಲ್ಲನ್ನೂ ಕೀಳುವ ಕೆಲಸ ನಡೆದಿದೆ. 2024ರ ತಿದ್ದುಪಡಿ ಇಂಥ ಅಪರಾಧಗಳಲ್ಲಿ ಹೆಚ್ಚಿನವಕ್ಕೆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನಿಟ್ಟಿತು. ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅದು ಅನ್ವಯಿಸಿತು. ಉಳಿದ ರಾಜ್ಯಗಳಲ್ಲಿ ಶಾಸನಸಭೆ ನಿರ್ಣಯ ಮಾಡಿ ಒಪ್ಪಿದರೆ ಜಾರಿ. ನೂರಾರು ಕೋಟಿ ವಹಿವಾಟು ಮಾಡುವವನಿಗೆ 15 ಲಕ್ಷ ಎಂದರೆ ಶಿಕ್ಷೆಯಲ್ಲ, ಹೊಳೆಯ ಬಾಡಿಗೆ!

ಲಿಂಗಾಯತರಿಗೆ ಇದರಲ್ಲಿ ಏನು ಕೆಲಸ ಎನ್ನುವವರಿದ್ದಾರೆ. ಅಷ್ಟಾವರಣದಲ್ಲಿ ಪಾದೋದಕವೂ ಒಂದಲ್ಲವೆ? ನೀರನ್ನು ರಕ್ಷಾಕವಚವೆಂದು ಬಗೆದ ಧರ್ಮ ನಮ್ಮದು. ತೀರ್ಥದಲ್ಲಿ ಮುಳುಗಿದರೆ ಪಾಪ ಹೋಗುತ್ತದೆ ಎಂಬ ಮಾತನ್ನು ಶರಣರು ಒಪ್ಪಲಿಲ್ಲ. ಮನುಷ್ಯನ ಪಾಪ ತೊಳೆಯದ ಹೊಳೆ ಕಾರ್ಖಾನೆಯ ಪಾಪವನ್ನು ತೊಳೆದೀತೆ? 'ಹರಿಯೋ ನೀರಿಗೆ ಮೈಲಿಗೆ ಇಲ್ಲ' ಎಂಬ ಸಮಾಧಾನ ಬೇರೆಯವರಿಗೆ ಇರಲಿ, ನಮಗೆ ಸಲ್ಲದು.

ಇನ್ನು ಕಾಣಿಕೆಯ ಮಾತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ, ಮರಳಿಸಿ ಬಾ ಎಂದಳು. ಅಲ್ಲಿ ತಪ್ಪಿದ್ದು ಒಂದಿಷ್ಟು ಅಕ್ಕಿ ಮಾತ್ರ. ಶುದ್ಧೀಕರಣ ಘಟಕ ನಡೆಸುವ ಖರ್ಚು ಉಳಿಸಿ, ರಾತ್ರಿ ಕೊಳಚೆಯನ್ನು ಹಳ್ಳಕ್ಕೆ ಬಿಟ್ಟು ಗಳಿಸಿದ ಹಣ ದಾಸೋಹಕ್ಕೆ ಬಂದರೆ ನಾವು ಲಕ್ಕಮ್ಮನ ಮುಖ ಹೇಗೆ ನೋಡುವುದು? ಸತ್ಯಶುದ್ಧ ಕಾಯಕದಿಂದ ಬಾರದ್ದು ಲಿಂಗಕ್ಕೆ ಸಲ್ಲದು ಎಂದು ವೇದಿಕೆಯಲ್ಲಿ ಹೇಳಿ, ಹಿಂಬಾಗಿಲಲ್ಲಿ ಅದನ್ನೇ ಪಡೆಯುವುದು ಆಚಾರವಲ್ಲ.

ಕಾರ್ಖಾನೆ ನಿಂತರೆ ರೈತನ ಕಬ್ಬು ಹೊಲದಲ್ಲೇ ಒಣಗುತ್ತದೆ ಎಂಬ ಆಕ್ಷೇಪಣೆ ಬರುತ್ತದೆ. ಅದು ನಿಜ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ಹಂಗಾಮಿನ ನಡುವೆ ಬೀಗ ಹಾಕಿಸುವ ಬದಲು ಹಂಗಾಮಿಗೆ ಮೊದಲೇ ಕೇಳಬೇಕು ಎನ್ನುತ್ತೇನೆ. ಬಾಯ್ಲರ್‌ಗೆ ಬೆಂಕಿ ಹಾಕುವ ಮುಂಚೆ ಘಟಕ ಸಿದ್ಧವಿದ್ದರೆ ರೈತನಿಗೂ ನಷ್ಟವಿಲ್ಲ, ಹಳ್ಳಕ್ಕೂ ಇಲ್ಲ. ಅಲ್ಲದೆ, ಹಳ್ಳದ ನೀರು ಕುಡಿಯುವ ದನ, ಪಕ್ಕದ ಬಾವಿ, ಅದೇ ರೈತನದಲ್ಲವೆ?

ಹಾಗಾದರೆ ಮಾಡಬೇಕಾದ್ದೇನು? ಒಂದು, ಪ್ರದೀಪನಕ್ಕೆ ಕರೆಯಲು ಬಂದವರಿಗೆ ಚಾಲ್ತಿಯಲ್ಲಿರುವ ಸಮ್ಮತಿ ಪತ್ರದ ಪ್ರತಿ ತನ್ನಿ ಎಂದು ಪೂಜ್ಯರು ಹೇಳಲಿ. ಎರಡು, ಸಮ್ಮತಿಯ ಷರತ್ತುಗಳ ವಹಿಯನ್ನು ಮಂಡಳಿ ಇಡಲೇಬೇಕು; ತೊಂದರೆಗೊಳಗಾದ ಯಾರೇ ಆಗಲಿ ಅದನ್ನು ನೋಡಬಹುದು. ಬಸವ ದಳದ ತರುಣರು ಹೋಗಿ ನೋಡಲಿ. ಮೂರು, ದೂರಿಗೆ ಬೆಲೆ ಸಿಗದಿದ್ದರೆ 49ನೆಯ ಕಲಂ ಇದೆ. ಮಂಡಳಿಗೆ 60 ದಿನಗಳ ನೋಟಿಸು ಕೊಟ್ಟು ಸಾಮಾನ್ಯ ಮನುಷ್ಯನೇ ನ್ಯಾಯಾಲಯಕ್ಕೆ ದೂರು ಕೊಡಬಹುದು. ನಾಲ್ಕು, ತಿದ್ದುಪಡಿಯ ವಿಚಾರದಲ್ಲಿ ನಿಮ್ಮ ನಿಲುವೇನೆಂದು ನಮ್ಮ ಶಾಸಕರನ್ನು ಕೇಳೋಣ.

ಕಡೆಯದಾಗಿ ನಮ್ಮ ಮನೆ. ಈ ಕಾಯ್ದೆ ಕಾರ್ಖಾನೆಯ ತ್ಯಾಜ್ಯಕ್ಕಷ್ಟೇ ಅಲ್ಲ, ಚರಂಡಿ ನೀರಿಗೂ ಅನ್ವಯಿಸುತ್ತದೆ. ಸಾವಿರಾರು ಮಕ್ಕಳಿರುವ ನಮ್ಮ ಪ್ರಸಾದ ನಿಲಯಗಳ ಬಚ್ಚಲ ನೀರು, ಜಾತ್ರೆಯ ದಾಸೋಹದ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಊರ ಕೆರೆಗೆ ಹೋಗುತ್ತಿದ್ದರೆ ಮೊದಲ ನೋಟಿಸನ್ನು ನಾವೇ ನಮಗೆ ಕೊಟ್ಟುಕೊಳ್ಳೋಣ. ನುಡಿದಂತೆ ನಡೆದವರ ಮಾತಿಗೆ ಮಾತ್ರ ಕಾರ್ಖಾನೆಯ ಗೇಟಿನಲ್ಲಿ ಬೆಲೆ ಬಂದೀತು.