ಬಾಣಂತನಕ್ಕೆ ನಿಂತ ತಂದೆ

ಹೊರದೇಶದಲ್ಲಿ ಮೊದಲ ಮಗುವಿನ ತಂದೆಯಾದ ತರುಣರ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಮರುಕದ ಉದ್ಗಾರ. 'ಪಾಪ, ಆಸರೆಗೆ ಯಾರೂ ಇಲ್ಲ. ಅಡುಗೆಯೂ ಅವನದೇ, ಕೂಸಿನ ಬಟ್ಟೆ ಒಗೆಯುವುದೂ ಅವನದೇ' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಆ ಮರುಕದಲ್ಲಿ ಪ್ರೀತಿಯಿದೆ, ಸ್ವಲ್ಪ ಸತ್ಯವೂ ಇದೆ. ಆದರೆ ಅದರೊಳಗೆ ನಾವು ಪರೀಕ್ಷಿಸದೆ ಬಿಟ್ಟ ಒಂದು ನಂಬಿಕೆಯೂ ಅಡಗಿದೆ: ಹಸುಗೂಸಿನ ಆರೈಕೆ ಗಂಡಸಿಗೆ ಬಂದೊದಗಿದ ಆಪತ್ತು, ತನ್ನ ಊರಿನಲ್ಲಿದ್ದಿದ್ದರೆ ಅವನು ಅದರಿಂದ ಪಾರಾಗುತ್ತಿದ್ದ ಎಂಬುದು. ಈ ನಂಬಿಕೆಯನ್ನು ಮತ್ತೊಮ್ಮೆ ಒರೆಗೆ ಹಚ್ಚಬೇಕೆಂದು ನಮಗೆ ಅನ್ನಿಸುತ್ತದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಅದು ದೂರದ ವಿಷಯವೇನೂ ಅಲ್ಲ.

ನಮ್ಮ ಸಂಪ್ರದಾಯದಲ್ಲಿ ಚೊಚ್ಚಲ ಹೆರಿಗೆಯೆಂದರೆ ತವರುಮನೆಯ ಹೊಣೆ. ಸೀಮಂತ ಮುಗಿಸಿ ತವರಿಗೆ ಹೋದ ಹೆಣ್ಣುಮಗಳು ತೊಟ್ಟಿಲಕೂಸಿನೊಂದಿಗೆ ಮರಳುವುದು ಮೂರು ತಿಂಗಳಿಗೋ ಐದು ತಿಂಗಳಿಗೋ. ಅಲ್ಲಿಯವರೆಗೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ತೇಯುವ ಕಲ್ಲಿನ ಮೇಲೆ ಬಜೆ ಮತ್ತು ಜಾಯಿಕಾಯಿ, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವ ಅಜ್ಜಿ, ಹೀಗೆ ಅದೊಂದು ತುಂಬಿದ ಲೋಕ. ಈ ಲೋಕದಲ್ಲಿ ತಂದೆಗೆ ಇರುವುದು ಅತಿಥಿಯ ಸ್ಥಾನ. ಹೆರಿಗೆಯ ಸುದ್ದಿ ಬಂದಾಗ ಒಮ್ಮೆ, ನಾಮಕರಣಕ್ಕೆ ಇನ್ನೊಮ್ಮೆ ಬರುತ್ತಾನೆ. ಅಳಿಯನೆಂಬ ಮರ್ಯಾದೆಯ ಊಟ ಮಾಡಿ, ಯಾರೋ ಕೈಯಲ್ಲಿಟ್ಟ ಕೂಸನ್ನು ಐದು ನಿಮಿಷ ಹಿಡಿದು, ಅದು ಅತ್ತೊಡನೆ ಮರಳಿ ಒಪ್ಪಿಸುತ್ತಾನೆ. ದಣಿದ ಹೆಣ್ಣಿಗೆ ತವರು ಕೊಡುವ ವಿಶ್ರಾಂತಿಯನ್ನು ನಾವು ಕಡೆಗಣಿಸುತ್ತಿಲ್ಲ. ಅತ್ತೆಮನೆಯಲ್ಲಿ ಉಸಿರುಗಟ್ಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಅದೊಂದೇ ಬಿಡುವಾಗಿತ್ತು. ಆದರೆ ಆ ಏರ್ಪಾಟಿನಲ್ಲಿ ತಂದೆ ಕಲಿಯಬೇಕಾದುದನ್ನು ಕಲಿಯದೆಯೇ ಉಳಿದ ಎಂಬುದೂ ಅಷ್ಟೇ ನಿಜ.

ಪರದೇಶದಲ್ಲಿ ಈ ಏರ್ಪಾಟು ಮುರಿದುಬೀಳುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸಾಮಾನ್ಯ ಷೆಂಗೆನ್ ವೀಸಾದ ಮೇಲೆ ಬರುವ ಅಜ್ಜಿ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಆದ್ದರಿಂದ ಮೊದಲ ಮೂರು ತಿಂಗಳು ತಾಯಿ, ಆಮೇಲಿನ ಮೂರು ತಿಂಗಳು ಅತ್ತೆ ಎಂಬ ಲೆಕ್ಕಾಚಾರವನ್ನು ಎಷ್ಟೋ ಕುಟುಂಬಗಳು ಹಾಕುತ್ತವೆ. ಮಂಡಿನೋವಿನ ಅತ್ತೆಯವರಿಗೆ ವಿಮಾನವೇರಲಾಗದಿದ್ದರೆ ಆ ಲೆಕ್ಕವೂ ತಪ್ಪುತ್ತದೆ. ಆಗ ಉಳಿಯುವವರು ಇಬ್ಬರೇ. ಇರುಳು ಎರಡು ಗಂಟೆಗೆ ಕೂಸು ಅತ್ತರೆ ಪಕ್ಕದ ಕೋಣೆಯಿಂದ ಎದ್ದು ಬರುವವರು ಯಾರೂ ಇಲ್ಲ. ಕೂಸಿಗೆ ತೇಗು ಬರಿಸುವುದು, ಹೊಕ್ಕುಳು ಒಣಗುವವರೆಗೆ ಜೋಪಾನ ಮಾಡುವುದು, ಬೆಚ್ಚಗಿನ ನೀರಿನ ಹದವನ್ನು ಮೊಳಕೈಯಿಂದ ಅಳೆಯುವುದು, ಬಾಣಂತಿಗೆ ಬಿಸಿ ಅನ್ನ ಮಾಡಿ ಬಡಿಸುವುದು, ಇವೆಲ್ಲ ತಂದೆಯ ದಿನಚರಿಯಾಗುತ್ತವೆ.

ಆ ದಿನಚರಿಗೆ ಅಲ್ಲಿನ ಊರು ಆಧಾರವಾಗಿ ನಿಲ್ಲುತ್ತದೆ ಎಂಬುದನ್ನೂ ಗಮನಿಸಬೇಕು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆ ಮುನ್ನವೇ ಹೊತ್ತು ಮುಳುಗುತ್ತದೆ. ಆದರೂ ಕೂಸಿನ ತಳ್ಳುಗಾಡಿಯೊಂದಿಗೆ ರಸ್ತೆಗಿಳಿದ ಗಂಡಸನ್ನು ಯಾರೂ ತಿರುಗಿ ನೋಡುವುದಿಲ್ಲ. ಎದುರಿನಿಂದ ಬರುವವನೂ ಅದನ್ನೇ ತಳ್ಳಿಕೊಂಡು ಬರುತ್ತಿರುತ್ತಾನೆ. ಮಗುವಿನ ತೂಕ ನೋಡಿ ಲಸಿಕೆ ಹಾಕುವ ಶಿಶು ಆರೋಗ್ಯ ಕೇಂದ್ರದಲ್ಲಿ ಶುಲ್ಕವಿಲ್ಲ. ತಂದೆತಾಯಿಯರು ಎಳೆಯ ಮಕ್ಕಳೊಡನೆ ಹೋಗಿ ಕುಳಿತು, ಹಾಡಿ, ನಾಲ್ಕು ಮಾತಾಡಿ ಬರಬಹುದಾದ ತೆರೆದ ಶಿಶುಶಾಲೆಗಳಿವೆ. ಅಲ್ಲಿ ಆ ತಂದೆಗೆ ಸಿಗುವುದು ನಮ್ಮ ಜಗಲಿಯಲ್ಲಿ ಹೆಂಗಸರಿಗೆ ಸಿಗುತ್ತಿದ್ದ ಸಾಂಗತ್ಯವೇ: ಎಲ್ಲರ ಕೂಸೂ ಅಳುತ್ತದೆ, ಎಲ್ಲರಿಗೂ ನಿದ್ದೆ ಕಡಿಮೆ ಎಂಬ ಸಮಾಧಾನ.

ಇದು ಆ ಜನರ ಹುಟ್ಟುಗುಣದಿಂದ ಬಂದದ್ದೆಂದು ತಿಳಿಯಬಾರದು. ಕಾನೂನು ಅದನ್ನು ಕಟ್ಟಿತು. 1974ರಲ್ಲಿ ಸ್ವೀಡನ್ ತಾಯಿಗೆ ಮಾತ್ರ ಇದ್ದ ಹೆರಿಗೆ ರಜೆಯನ್ನು ತಂದೆತಾಯಿ ಇಬ್ಬರಿಗೂ ಸೇರಿದ ಪಾಲನಾ ರಜೆಯಾಗಿ ಮಾರ್ಪಡಿಸಿತು. ಆದರೆ ಮೊದಮೊದಲು ತಂದೆಯರು ಬಳಸಿದ ದಿನಗಳು ತೀರ ಅಲ್ಪ. ಪಡೆದ ಪಾಲನ್ನು ಅವರು ತಾಯಿಗೇ ಬಿಟ್ಟುಕೊಡುತ್ತಿದ್ದರು. ಆದ್ದರಿಂದ 1995ರಲ್ಲಿ ಒಂದು ತಿಂಗಳನ್ನು ಕೊಡಲಾಗದ, ಕೊಳ್ಳಲಾಗದ ಮೀಸಲು ಪಾಲಾಗಿ ಮಾಡಲಾಯಿತು. ತಂದೆ ಬಳಸದಿದ್ದರೆ ಅದು ಕುಟುಂಬಕ್ಕೇ ನಷ್ಟ. 2002ರಲ್ಲಿ ಎರಡನೆಯ ತಿಂಗಳು, 2016ರಲ್ಲಿ ಮೂರನೆಯದು ಸೇರಿತು. ಇಂದು ಒಂದು ಮಗುವಿಗೆ ಒಟ್ಟು 480 ದಿನಗಳಿದ್ದು, ಅವುಗಳಲ್ಲಿ 90 ದಿನ ತಾಯಿಗೂ 90 ದಿನ ತಂದೆಗೂ ಮೀಸಲು. ಇಷ್ಟಾಗಿಯೂ ಗಂಡಸರು ಬಳಸುವುದು ಒಟ್ಟು ದಿನಗಳಲ್ಲಿ ಶೇಕಡ 30ರ ಆಸುಪಾಸು. ಐದು ದಶಕಗಳ ಪ್ರಯತ್ನದ ಫಲ ಇಷ್ಟು. ಬರಿಯ ಉಪದೇಶದಿಂದ ತಂದೆಯರು ಬದಲಾಗುವುದಿಲ್ಲ ಎಂಬ ಪಾಠ ಇಲ್ಲಿದೆ.

ಪರದೇಶವೆಲ್ಲ ಹೀಗೆಯೇ ಎಂದು ಹೇಳಹೊರಟರೆ ಅದು ಸುಳ್ಳಾದೀತು. ಅಮೆರಿಕದ 1993ರ ಕುಟುಂಬ ರಜೆ ಕಾಯಿದೆ ಕೊಡುವುದು ಸಂಬಳವಿಲ್ಲದ 12 ವಾರ, ಅದೂ ಎಲ್ಲ ನೌಕರರಿಗಲ್ಲ. ನಮ್ಮ ಕರಾವಳಿಯವರು ಬಹುಸಂಖ್ಯೆಯಲ್ಲಿ ದುಡಿಯುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಖಾಸಗಿ ನೌಕರನಿಗೆ ಸಿಗುವುದು ಐದು ಕೆಲಸದ ದಿನಗಳು. ಕುಟುಂಬವನ್ನು ಕರೆಸಿಕೊಳ್ಳುವಷ್ಟು ಸಂಬಳವಿಲ್ಲದವನು ತನ್ನ ಮಗುವಿನ ಮೊದಲ ನಗುವನ್ನು ಫೋನಿನ ತೆರೆಯ ಮೇಲೆ ನೋಡುತ್ತಾನೆ. ಸ್ವೀಡನ್ನಿನಲ್ಲಿಯೂ ಕತ್ತಲ ತಿಂಗಳುಗಳ ಒಂಟಿತನ ಬಾಣಂತಿಯನ್ನು ಬಳಲಿಸುತ್ತದೆ. ಗಂಡನೊಬ್ಬ ಎಷ್ಟು ದುಡಿದರೂ ತವರಿನ ಹತ್ತು ಕೈಗಳಿಗೆ ಸಮನಾಗಲಾರ. ಇದರ ಮೇಲೆ ಕಾಗದಪತ್ರಗಳ ಕೆಲಸ ಬೇರೆ. ಭಾರತೀಯ ಪ್ರಜೆಗಳಾದ ತಂದೆತಾಯಿಯರಿಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಬೇಕು. ಕೂಸಿನ ಕತ್ತು ನಿಲ್ಲುವ ಮೊದಲೇ ಅದರ ಪೌರತ್ವದ ಅರ್ಜಿ ತುಂಬಬೇಕಾದ ತಂದೆಯನ್ನು ನಾವು ಹಗುರವಾಗಿ ಕಾಣಲಾರೆವು.

ಆದರೂ ಆ ತಂದೆಗೆ ದಕ್ಕುವ ಒಂದು ಸಂಪತ್ತನ್ನು ನಾವು ನೋಡದೆ ಬಿಡಬಾರದು. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂಬುದು ಅವನಿಗೆ ತಿಳಿಯುತ್ತದೆ. ಕೂಸು ಬೆಚ್ಚಿ ಎದ್ದಾಗ ಹುಡುಕುವ ಮುಖಗಳಲ್ಲಿ ಅವನದೂ ಒಂದಾಗುತ್ತದೆ. ಹೊರನಾಡ ಕನ್ನಡಿಗರಿಗೆ ಇನ್ನೂ ಮುಖ್ಯವಾದುದು ಭಾಷೆ. ನಮ್ಮ ಮನೆಗಳಲ್ಲಿ ಇಂದು ಮಡದಿ ಮರಾಠಿಯವಳೋ ತೆಲುಗಿನವಳೋ ಬಂಗಾಳಿಯೋ ಆಗಿರುವುದು ಅಪರೂಪವಲ್ಲ. ಅಂಥ ಮನೆಯಲ್ಲಿ ತೊಟ್ಟಿಲ ಬಳಿ ತಂದೆಯಿಲ್ಲವೆಂದರೆ ಕನ್ನಡವೂ ಇಲ್ಲ. ಸಂಜೆ ಎಂಟಕ್ಕೆ ಕಚೇರಿಯಿಂದ ಬಂದು, ಮಲಗಿದ ಮಗುವಿನ ಹಣೆ ಸವರುವ ತಂದೆ ಮಾತನ್ನು ದಾಟಿಸಲಾರ. ನೀರೆರೆಯುವಾಗ, ಉಣ್ಣಿಸುವಾಗ, ರಮಿಸುವಾಗ ಆಡಿದ ಮಾತು ಮಾತ್ರ ಮಗುವಿನ ಮಾತಾಗುತ್ತದೆ. ಮಕ್ಕಳು ಕನ್ನಡ ಆಡುವುದಿಲ್ಲವೆಂದು ನಮ್ಮ ಸಂಘಗಳಲ್ಲಿ ವರ್ಷವರ್ಷವೂ ಕೊರಗುವ ನಾವು, ಅವರು ತೊಟ್ಟಿಲಲ್ಲಿದ್ದಾಗ ಎಲ್ಲಿದ್ದೆವು ಎಂದು ಕೇಳಿಕೊಳ್ಳುವುದಿಲ್ಲ.

ನಮ್ಮ ದೇಶದ ನಿಯಮಗಳೂ ಆ ಪ್ರಶ್ನೆಯನ್ನು ಕೇಳಿಲ್ಲ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ತಂದೆಗೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದರೆ, 15 ದಿನಗಳ ಪಿತೃತ್ವ ರಜೆಯಿದೆ. ಹೆರಿಗೆಯಾಗಿ ಆರು ತಿಂಗಳೊಳಗೆ ಬಳಸದಿದ್ದರೆ ಅದು ರದ್ದು. ದೆಹಲಿಯಲ್ಲಿರುವವನ ಮಡದಿ ಧಾರವಾಡದ ತವರಿನಲ್ಲಿದ್ದರೆ ಹೋಗಿಬರುವ ಪ್ರಯಾಣಕ್ಕೇ ಅದರಲ್ಲಿ ನಾಲ್ಕಾರು ದಿನ ಕಳೆದುಹೋಗುತ್ತವೆ. ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯುಂಟು, ಅದು ಸರಿಯೇ. ಗಂಡಸರಲ್ಲಿ ಅದು ಸಿಗುವುದು ಅವಿವಾಹಿತ, ವಿಧುರ ಅಥವಾ ವಿಚ್ಛೇದಿತ ತಂದೆಗೆ ಮಾತ್ರ. ಎಂದರೆ ತಾಯಿ ಜೊತೆಯಲ್ಲಿಲ್ಲದಿದ್ದಾಗಷ್ಟೇ ನಿಯಮದ ಕಣ್ಣಿಗೆ ತಂದೆ ಪಾಲಕನಾಗಿ ಕಾಣುತ್ತಾನೆ! ಖಾಸಗಿ ಉದ್ಯೋಗಿಗಳಿಗೆ ಪಿತೃತ್ವ ರಜೆಯನ್ನು ಕಡ್ಡಾಯ ಮಾಡುವ ಕೇಂದ್ರ ಕಾಯಿದೆಯಂತೂ ನಮ್ಮಲ್ಲಿಲ್ಲ. ಅಲ್ಲಿ ಎಲ್ಲವೂ ಕಂಪನಿಯ ಮರ್ಜಿ. ತಾಯಿಗೆ 26 ವಾರ ಕೊಟ್ಟು ತಂದೆಗೆ ಏನನ್ನೂ ಕೊಡದ ಕಾನೂನು, ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವ ಮಾಲೀಕನಿಗೆ ನೆಪವನ್ನೂ ಒದಗಿಸುತ್ತದೆ.

ಸ್ವೀಡನ್ನಿನ 90 ದಿನಗಳನ್ನು ನಾಳೆಯೇ ಇಲ್ಲಿಗೆ ತರಬೇಕೆಂದು ನಾವು ಹೇಳುತ್ತಿಲ್ಲ. ದಿನಗೂಲಿಯವನಿಗೆ ಒಂದು ದಿನದ ರಜೆಯೂ ಕೈಗೆಟುಕದ ನಾಡಿದು ಎಂಬ ಅರಿವು ನಮಗಿದೆ. ಆದರೆ ಸರ್ಕಾರ ತನ್ನದೇ ಕಚೇರಿಗಳಲ್ಲಿ ಮೊದಲ ಹೆಜ್ಜೆ ಇಡಬಹುದು: ತಂದೆಗೆಂದೇ ಮೀಸಲಾದ, ಬೇರೆಯವರಿಗೆ ವರ್ಗಾಯಿಸಲಾಗದ ಒಂದೆರಡು ತಿಂಗಳು, ಅವನ್ನು ತಾಯಿ ಕೆಲಸಕ್ಕೆ ಮರಳುವ ಹೊತ್ತಿಗೆ ಬಳಸುವ ಅವಕಾಶ. ರಜೆಯ ಅರ್ಜಿ ಹಿಡಿದು ಬಂದ ತರುಣನನ್ನು 'ಹೆರಿಗೆ ನಿನಗೋ, ನಿನ್ನ ಹೆಂಡತಿಗೋ' ಎಂದು ಛೇಡಿಸುವ ಮಾತು ನಿಲ್ಲಲು ಯಾವ ಆದೇಶವೂ ಬೇಕಿಲ್ಲ. ತವರಿಗೆ ಹೋದ ಮಡದಿಯೊಡನೆ ಅಳಿಯನೂ ಕೆಲದಿನ ಉಳಿದು, ಅತ್ತೆಯವರ ಪಕ್ಕದಲ್ಲಿ ಕುಳಿತು ನೀರೆರೆಯುವುದನ್ನು ಕಲಿತರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ. ಹಿರಿಯರ ಅನುಭವಕ್ಕೆ ಅದಕ್ಕಿಂತ ದೊಡ್ಡ ಗೌರವವೂ ಇಲ್ಲ.

ಮುಂದೆ ಯಾರಾದರೂ 'ಪಾಪ, ಅಲ್ಲಿ ಮಗುವನ್ನು ಅವನೇ ನೋಡಿಕೊಳ್ಳಬೇಕಂತೆ' ಎಂದಾಗ ನಾವು ತಲೆದೂಗುವ ಮುನ್ನ ಯೋಚಿಸೋಣ. ಆ ಮನೆಯಲ್ಲಿ ನಮ್ಮ ಮರುಕಕ್ಕೆ ಅರ್ಹರಾದವರು ಇದ್ದರೆ ಅದು ನಿದ್ದೆಗೆಟ್ಟ ಆ ದಂಪತಿಗಳಿಬ್ಬರೂ. ಮಗುವನ್ನು ನೋಡಿಕೊಳ್ಳುವ ತಂದೆಯ ಪಾಡು ಮಾತ್ರ ಮರುಕಪಡುವಂಥದ್ದಲ್ಲ.