ಅನುಮಾನ ಸಾಕೆ? ಸಾಕ್ಷಿ ಬೇಡವೆ?



ಮೊನ್ನೆ ಸಭೆ ಮುಗಿಸಿಕೊಂಡು ಬಂದ ರಾತ್ರಿ ಹಾಸ್ಟೆಲಿನ ಮೆಸ್ಸಿನಲ್ಲಿ ದೊಡ್ಡ ಜಗಳವೇ ಆಯಿತು. "ಮಾಲ್ಕಂ ಎಕ್ಸ್‌ನ ಕೊಂದೋರು ಯಾರು?" ಅಂತ ಮೊದಲ ವರ್ಷದ ಹುಡುಗನೊಬ್ಬ ಕೇಳಿದ್ದೇ ತಡ. "ಇನ್ಯಾರು, ಸಿ.ಐ.ಎ." ಅಂದ ಒಬ್ಬ. "ಅಲ್ಲ ಕಣಯ್ಯ, ಅವನ ಜೊತೆಗಿದ್ದೋರೇ ಹೊಡೆದಾಕಿದ್ರು" ಅಂದ ಇನ್ನೊಬ್ಬ. "ನೀನು ಪೊಲೀಸರ ಮಾತು ಆಡ್ತಾ ಇದೀಯ" ಅಂತ ಮೂರನೆಯವನು ಎದ್ದು ನಿಂತ. ತಟ್ಟೆ ತೊಳೆಯುವ ಹೊತ್ತಿಗೆ ಇಬ್ಬರು ಮಾತು ಬಿಟ್ಟಿದ್ದರು.

ಆಗ ಆ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ: "ಅಣ್ಣಾ, ಜೈಲಿಗೆ ಹೋದೋರು ಯಾರು?"

ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊಲೆಯ ಹಿಂದಿನ ಕಾಣದ ಕೈಗಳ ಬಗ್ಗೆ ಎರಡು ಗಂಟೆ ಕೂಗಾಡಿದ ನಮಗೆ, ಆ ಕೊಲೆಗಾಗಿ ಜೈಲಿನಲ್ಲಿ ಕೊಳೆತವರ ಹೆಸರು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಹುಡುಕಿ ಓದಿದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಅಮೆರಿಕದ ಕಪ್ಪು ಜನರ ಹೋರಾಟ ನಮಗೆ ದೂರದ ಮಾತಲ್ಲ. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮೊದಲಾದವರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಆ ಹೆಸರು ಬಂದದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಆ ಪ್ಯಾಂಥರ್‌ಗಳಿಗೆ ಎದೆ ಸೆಟೆಸಿ ನಡೆಯುವುದನ್ನು ಕಲಿಸಿದವನು ಮಾಲ್ಕಂ.

ಮಾಲ್ಕಂ ಹುಟ್ಟಿದ್ದು 1925ರಲ್ಲಿ. ಅನುಮಾನದ ಸಾವು ಅವನ ಮನೆಗೆ ಹೊಸದಲ್ಲ. ಅವನಿಗೆ ಆರು ವರ್ಷವಿದ್ದಾಗ, 1931ರಲ್ಲಿ, ಅವನಪ್ಪ ಟ್ರಾಮಿನ ಗಾಲಿಗೆ ಸಿಕ್ಕಿ ಸತ್ತ. ಅಪಘಾತ ಅಂದರು ಪೊಲೀಸರು. ಬಿಳಿಯರು ಹೊಡೆದು ಹಳಿಯ ಮೇಲೆ ಹಾಕಿದರು ಅಂದಿತು ಕುಟುಂಬ. ಅಂಥ ಮನೆಯಲ್ಲಿ ಬೆಳೆದವನಿಗೆ ಸರ್ಕಾರದ ಕಾಗದದ ಮೇಲೆ ನಂಬಿಕೆ ಹುಟ್ಟುವುದು ಹೇಗೆ? ಅನುಮಾನ ಪಡುವುದು ತುಳಿಸಿಕೊಂಡವರ ರೋಗವಲ್ಲ, ಅನುಭವ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ "ಇವರಿಗೆ ಎಲ್ಲದರಲ್ಲೂ ಪಿತೂರಿಯೇ ಕಾಣುತ್ತೆ" ಅಂತ ನಗುವ ಮೇಷ್ಟ್ರುಗಳ ಸಾಲಿನಲ್ಲಿ ನಾವಿಲ್ಲ.

ಈಗ ನಡೆದದ್ದನ್ನು ನೋಡೋಣ. ಮಾಲ್ಕಂ ಎಲಿಜಾ ಮಹಮ್ಮದರ 'ನೇಷನ್ ಆಫ್ ಇಸ್ಲಾಂ' ಸಂಘಟನೆಯನ್ನು ಬಿಟ್ಟದ್ದು 1964ರ ಮಾರ್ಚಿಯಲ್ಲಿ. ಬಿಟ್ಟ ಮೇಲೆ ಹಳೆಯ ಸಂಗಾತಿಗಳೇ ಶತ್ರುಗಳಾದರು. 1965ರ ಫೆಬ್ರವರಿ 14ರಂದು ಅವನ ಮನೆಗೆ ಬೆಂಕಿ ಬಾಂಬು ಬಿತ್ತು. ವಾರ ತುಂಬಿದ ಭಾನುವಾರ, ಫೆಬ್ರವರಿ 21ರಂದು, ನ್ಯೂಯಾರ್ಕಿನ ಆಡುಬಾನ್ ಬಾಲ್‌ರೂಂ ಸಭಾಂಗಣದಲ್ಲಿ ಅವನು ಮಾತಾಡಲು ಎದ್ದು ನಿಂತ. ಜನರ ನಡುವೆ ಬೇಕೆಂದೇ ಒಂದು ಗಲಾಟೆ ಎಬ್ಬಿಸಿದರು. ಎಲ್ಲರೂ ಆ ಕಡೆ ತಿರುಗಿದಾಗ ಮುಂದಿನಿಂದ ಬಂದೂಕು ಸಿಡಿಯಿತು, ಆಮೇಲೆ ಪಿಸ್ತೂಲುಗಳು. ಗರ್ಭಿಣಿ ಹೆಂಡತಿ, ಪುಟ್ಟ ಮಕ್ಕಳು ಅದೇ ಹಾಲಿನಲ್ಲಿದ್ದರು. ಅವನಿಗೆ ಆಗ 39 ವರ್ಷ. ಅದೇ ಸಂಜೆ ನೆಲದ ರಕ್ತ ತೊಳೆದು ಅಲ್ಲಿ ನೃತ್ಯಕೂಟ ನಡೆಸಿದರು.

ಗುಂಡು ಹಾರಿಸಿದವರಲ್ಲಿ ಒಬ್ಬನನ್ನು ಜನರೇ ಹಿಡಿದರು. ಹೆಸರು ಟಾಲ್ಮೇಜ್ ಹೇಯರ್. ಆಮೇಲಿನ ದಿನಗಳಲ್ಲಿ ಪೊಲೀಸರು ಇನ್ನಿಬ್ಬರನ್ನು ಅವರವರ ಮನೆಯಿಂದ ಎತ್ತಿಕೊಂಡು ಬಂದರು. ನಾರ್ಮನ್ ಬಟ್ಲರ್, ಥಾಮಸ್ ಜಾನ್ಸನ್. ಇವರು ಮುಂದೆ ಮಹಮ್ಮದ್ ಅಜೀಜ್, ಖಲೀಲ್ ಇಸ್ಲಾಂ ಎಂಬ ಹೆಸರು ಪಡೆದರು. ಇಬ್ಬರೂ ಹಾರ್ಲೆಮ್ ಮಸೀದಿಯವರು. ಮಾಲ್ಕಂನ ಕಾವಲಿನ ಹುಡುಗರಿಗೆ ಇವರ ಮುಖ ಚೆನ್ನಾಗಿ ಗೊತ್ತು. ಬಾಗಿಲಲ್ಲಿ ಕಾಣಿಸಿಕೊಂಡಿದ್ದರೆ ಅಲ್ಲೇ ತಡೆಯುತ್ತಿದ್ದರು. ಬಟ್ಲರ್ ಕಾಲು ಬಾತುಕೊಂಡು ಅವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದಿದ್ದ. ಜಾನ್ಸನ್ ಸಂಧಿವಾತದಿಂದ ಮನೆಯಲ್ಲಿದ್ದ. 1966ರ ವಿಚಾರಣೆಯಲ್ಲಿ ಹೇಯರ್ ಕಟಕಟೆಯಲ್ಲಿ ನಿಂತು, "ಕೊಂದದ್ದು ನಿಜ, ಆದರೆ ಇವರಿಬ್ಬರೂ ನನ್ನ ಜೊತೆ ಇರಲಿಲ್ಲ" ಎಂಬರ್ಥದ ಮಾತು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವರಿಗೂ ಜೀವಾವಧಿ.

ಇಲ್ಲಿಂದ ಮುಂದೆ ಎರಡು ಕತೆಗಳು ಹೊರಟವು. ಪ್ರಭುತ್ವದ ಕತೆ ಹೀಗೆ: ಕಪ್ಪು ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು, ಮೂವರು ಸಿಕ್ಕರು, ಕೇಸು ಮುಗಿಯಿತು. ಬೀದಿಯ ಕತೆ ಹೀಗೆ: ಎಲ್ಲಾ ಮಾಡಿಸಿದ್ದು ಸಿ.ಐ.ಎ., ಗುಂಡು ಹೊಡೆದವರು ಬರೀ ಗೊಂಬೆಗಳು. ಎರಡು ಕತೆಗಳೂ ಒಂದಕ್ಕೊಂದು ವಿರುದ್ಧ ಅನ್ನಿಸುತ್ತವೆ. ಆದರೆ ಇಬ್ಬರು ನಿರಪರಾಧಿಗಳು ಎರಡರಲ್ಲೂ ಇಲ್ಲ. ಒಂದು ಕತೆಗೆ ಅವರು ಕೊಲೆಗಾರರು, ಇನ್ನೊಂದಕ್ಕೆ ಲೆಕ್ಕಕ್ಕೇ ಇಲ್ಲದವರು. ಮೇಲೆ ಕೂತ ದೊಡ್ಡ ಕೈ ಯಾವುದು ಅಂತ ಜಗತ್ತು ವಾದ ಮಾಡುತ್ತಿದ್ದಾಗ ಇವರು ಕಂಬಿ ಎಣಿಸುತ್ತಿದ್ದರು.

ಹೇಯರ್ 1977-78ರಲ್ಲಿ ಮತ್ತೆ ಅಫಿಡವಿಟ್ ಬರೆದುಕೊಟ್ಟ. ತನ್ನ ಜೊತೆಗಿದ್ದ ಬೇರೆ ನಾಲ್ವರನ್ನು ಹೆಸರಿಸಿದ. ಕೋರ್ಟು ಕೇಸು ತೆರೆಯಲಿಲ್ಲ. ಅಜೀಜ್ ಹೊರಬಂದದ್ದು 1985ರಲ್ಲಿ, ಇಸ್ಲಾಂ 1987ರಲ್ಲಿ. ಇಬ್ಬರದೂ ಸೇರಿ ನಲವತ್ತು ವರ್ಷದ ಮೇಲೆ ಜೈಲು. ಇಸ್ಲಾಂ 2009ರಲ್ಲಿ ಕೊಲೆಗಾರನೆಂಬ ಹೆಸರು ಹೊತ್ತುಕೊಂಡೇ ಸತ್ತ.

ಹಾಗಾದರೆ ಸಂಚೇ ಇರಲಿಲ್ಲವೆ? ಇತ್ತು. ಅದು ಕಾಗದದಲ್ಲಿತ್ತು. ಅಬ್ದುರ್ ರಹಮಾನ್ ಮಹಮ್ಮದ್ ಎಂಬ ಒಬ್ಬ ಮನುಷ್ಯ, ಯಾವ ವಿಶ್ವವಿದ್ಯಾಲಯದ ಪೀಠವೂ ಇಲ್ಲದೆ, ವರ್ಷಗಟ್ಟಲೆ ಕಡತ ಕೆದಕಿದ. ಅವನ ಹುಡುಕಾಟದ ಸಾಕ್ಷ್ಯಚಿತ್ರ 2020ರಲ್ಲಿ ಬಂತು. ಸರ್ಕಾರಿ ವಕೀಲರ ಕಚೇರಿ ಕೇಸನ್ನು ಮತ್ತೆ ಪರಿಶೀಲಿಸಲೇಬೇಕಾಯಿತು. ಆಗ ಹೊರಬಿದ್ದದ್ದು ಇದು: ಬೇರೆಯವರತ್ತ ಬೆರಳು ಮಾಡುವ ದಾಖಲೆಗಳು ಎಫ್.ಬಿ.ಐ. ಕೈಯಲ್ಲಿದ್ದವು, ಕೋರ್ಟಿಗೆ ಕೊಡಲಿಲ್ಲ. ಸಾಕ್ಷಿಗಳಲ್ಲಿ ಕೆಲವರು ಎಫ್.ಬಿ.ಐ.ನ ಮಾಹಿತಿದಾರರೇ ಆಗಿದ್ದರು, ಅದನ್ನು ಬಾಯಿ ಬಿಡದಂತೆ ಮುಖ್ಯಸ್ಥ ಹೂವರ್‌ನೇ ಅಪ್ಪಣೆ ಮಾಡಿದ್ದ. ಮಾಲ್ಕಂ ಸಾಯುತ್ತಾನೆಂದು ಅವತ್ತು ಬೆಳಿಗ್ಗೆಯೇ ಒಬ್ಬ ಪತ್ರಿಕಾ ವರದಿಗಾರನಿಗೆ ಫೋನು ಬಂದಿದ್ದು ಪೊಲೀಸ್ ಕಡತದಲ್ಲಿತ್ತು. ಹಾಲಿನೊಳಗೆ ವೇಷ ಮರೆಸಿಕೊಂಡ ಪೊಲೀಸರಿದ್ದರು, ಅದನ್ನೂ ಮುಚ್ಚಿಟ್ಟರು. ಅವರಲ್ಲೊಬ್ಬ ಜೀನ್ ರಾಬರ್ಟ್ಸ್. ಮಾಲ್ಕಂನ ಕಾವಲುಗಾರರಲ್ಲೇ ಒಬ್ಬನಾಗಿ ಸೇರಿಕೊಂಡಿದ್ದವನು. ಬಿದ್ದ ಮಾಲ್ಕಂನ ಬಾಯಿಗೆ ಉಸಿರು ಊದಿ ಬದುಕಿಸಲು ನೋಡಿದವನೂ ಅವನೇ.

2021ರ ನವೆಂಬರ್ 18ರಂದು ಕೋರ್ಟು ಇಬ್ಬರ ಶಿಕ್ಷೆಯನ್ನೂ ರದ್ದು ಮಾಡಿತು. ಅಜೀಜನಿಗೆ ಆಗ 83 ವರ್ಷ. 2022ರಲ್ಲಿ ನ್ಯೂಯಾರ್ಕ್ ನಗರ ಮತ್ತು ರಾಜ್ಯ ಸೇರಿ ಪರಿಹಾರವೆಂದು 3 ಕೋಟಿ 60 ಲಕ್ಷ ಡಾಲರ್ ಕೊಡಲು ಒಪ್ಪಿದವು. ಹೇಯರ್ ಹೆಸರಿಸಿದ ನಾಲ್ವರ ಮೇಲೆ ಮಾತ್ರ ಎಂದೂ ಕೇಸು ನಡೆಯಲಿಲ್ಲ. 2024ರಲ್ಲಿ ಮಾಲ್ಕಂನ ಹೆಣ್ಣುಮಕ್ಕಳು ಎಫ್.ಬಿ.ಐ., ಸಿ.ಐ.ಎ., ನ್ಯೂಯಾರ್ಕ್ ಪೊಲೀಸರ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದರು.

ಇದರಲ್ಲಿ ಯಾವುದು ಸಾಬೀತಾಗಿದೆ, ಯಾವುದು ಇಲ್ಲ ಅನ್ನುವುದನ್ನು ಬೇರೆ ಮಾಡಿ ನೋಡಬೇಕು. ನೇಷನ್ ಒಳಗೆ ತಾವು ಒಡಕು ಬೆಳೆಸಿದ್ದಾಗಿ, ಅದರಲ್ಲಿ ಮಾಲ್ಕಂನದೇ ಎದ್ದು ಕಾಣುವಂಥದ್ದೆಂದು ಎಫ್.ಬಿ.ಐ.ನ 1969ರ ಒಂದು ಟಿಪ್ಪಣಿ ಬೆನ್ನು ತಟ್ಟಿಕೊಳ್ಳುತ್ತದೆ. ಒಡಕಿಗೆ ಸೀಮೆಎಣ್ಣೆ ಸುರಿದದ್ದಕ್ಕೆ ಇದು ಸಾಕ್ಷಿ. ಗುಂಡು ಹೊಡೆಸಿದ್ದಕ್ಕೆ ಅಲ್ಲ. ಅವತ್ತು ಹಾಲಿನಲ್ಲಿ ಸಮವಸ್ತ್ರದ ಪೊಲೀಸರು ಕಾಣದಿದ್ದದ್ದು ನಿಜ. ಬಾಗಿಲಲ್ಲಿ ಜನರ ಮೈ ತಡವಿ ನೋಡಬೇಡಿ ಅಂದವನು ಮಾಲ್ಕಂನೇ ಅನ್ನುವುದೂ ನಿಜ. ಎರಡನ್ನೂ ಹೇಳಬೇಕು. ನಮಗೆ ಬೇಕಾದ ಒಂದನ್ನು ಮಾತ್ರ ಹೇಳಿದರೆ ನಾವೂ ಕಡತ ಮುಚ್ಚಿಟ್ಟವರ ಜಾತಿಗೇ ಸೇರಿದಂತಾಯಿತು.

2021ರ ಫೆಬ್ರವರಿಯಲ್ಲಿ ಒಂದು ಪತ್ರ ಬಯಲಾಯಿತು. ಸತ್ತುಹೋದ ಒಬ್ಬ ಕಪ್ಪು ಪೊಲೀಸಿನವನು ಬರೆದದ್ದಂತೆ. ಮೇಲಿನವರ ಅಪ್ಪಣೆಯಂತೆ ಮಾಲ್ಕಂನ ಕಾವಲಿನವರನ್ನು ಮೊದಲೇ ಬಂಧಿಸುವ ಹಾಗೆ ಬಲೆ ಹಾಕಿದೆ ಅಂತ ತಪ್ಪೊಪ್ಪಿಗೆ. ಓದಿದಾಗ ನಮ್ಮ ಮೈ ಜುಮ್ಮೆಂದಿತು. ನಾವು ಹೇಳುತ್ತಿದ್ದದ್ದು ಇದೇ ಅಲ್ಲವೆ! ಆಮೇಲೆ ಆ ಪೊಲೀಸಿನವನ ಮಗಳೇ ಪತ್ರ ಖೊಟ್ಟಿ ಅಂದಳು. ನಮಗೆ ಹಿತವಾಗುವ ಕಾಗದವನ್ನೇ ಎರಡು ಸಲ ತಿರುಗಿಸಿ ನೋಡಬೇಕು ಅನ್ನುವುದನ್ನು ಅದು ಕಲಿಸಿತು.

ಸಾಕ್ಷಿ ಹುಡುಕುವುದು ವಕೀಲರ ಕೆಲಸ, ನಮ್ಮದಲ್ಲ ಅನ್ನಬೇಡಿ. ಷಿಕಾಗೋ ನಗರದ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ನೆನೆಯಿರಿ. ನಿಮ್ಮದೇ ವಯಸ್ಸು, 21. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಅವನನ್ನೂ ಮಾರ್ಕ್ ಕ್ಲಾರ್ಕ್‌ನನ್ನೂ ಕೊಂದರು. ಒಳಗಿನಿಂದ ಗುಂಡಿನ ಮಳೆ ಬಂತು ಅಂದರು. ಒಂದು ಪತ್ರಿಕೆ ಒಳಗಿನವರು ಹೊಡೆದ ಗುಂಡಿನ ತೂತುಗಳೆಂದು ಚಿತ್ರವನ್ನೂ ಹಾಕಿತು. ಪೊಲೀಸರು ಮನೆಗೆ ಬೀಗ ಹಾಕುವುದನ್ನು ಮರೆತಿದ್ದರು. ಪ್ಯಾಂಥರ್‌ಗಳು ಬಾಗಿಲು ತೆಗೆದು ಊರಿನವರನ್ನೆಲ್ಲ ಕರೆದರು. ಮುದುಕಿಯರು, ಕೂಲಿಯವರು, ಸ್ಕೂಲು ಮಕ್ಕಳು ಸಾಲುಗಟ್ಟಿ ಬಂದು ಗೋಡೆ ನೋಡಿದರು. ಪತ್ರಿಕೆಯ ತೂತುಗಳು ಮೊಳೆಯ ತಲೆಗಳಾಗಿದ್ದವು! ಕೊನೆಗೆ ಸರ್ಕಾರದ ಜ್ಯೂರಿಯೇ ಒಪ್ಪಿತು: ಪೊಲೀಸರ ಗುಂಡು 80ಕ್ಕೂ ಮೇಲೆ, ಒಳಗಿನಿಂದ ಹೆಚ್ಚೆಂದರೆ ಒಂದು. ಮನೆಯ ನಕ್ಷೆಯನ್ನು ಎಫ್.ಬಿ.ಐ.ಗೆ ಕೊಟ್ಟವನು ಹ್ಯಾಂಪ್ಟನ್‌ನ ಜೊತೆಗೇ ಇದ್ದ ಓ'ನೀಲ್ ಅನ್ನುವುದೂ ಮುಂದೆ ಹೊರಬಂತು. ವಕೀಲರು ಹನ್ನೆರಡು ವರ್ಷದ ಮೇಲೆ ಹೋರಾಡಿ 1982ರಲ್ಲಿ ಪರಿಹಾರಕ್ಕೆ ಒಪ್ಪಿಸಿದರು. ಇದೂ ಪಿತೂರಿಯ ಮಾತೇ. ಆದರೆ ಗೋಡೆ ಮುಟ್ಟಿ ನೋಡಿ ಆಡಿದ ಮಾತು.

ಇನ್ನು ನಮ್ಮ ಮನೆಯ ಮಾತು. ಹೇಳುವುದು ಕಷ್ಟ, ಆದರೂ ಹೇಳಬೇಕು. ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ತೀರಿಕೊಂಡರು. ವರ್ಷಗಳಿಂದ ಸಕ್ಕರೆ ಕಾಯಿಲೆ ಅವರನ್ನು ತಿಂದಿತ್ತು. ಆದರೂ ಮಾತು ಹುಟ್ಟಿತು: ವಿಷ ಹಾಕಿದರು, ಹಾಕಿದವಳು ಹೆಂಡತಿ, ಯಾಕೆಂದರೆ ಅವಳು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವಳು. ಸವಿತಾ ಅಂಬೇಡ್ಕರ್ ಡಾಕ್ಟರಾಗಿದ್ದರು, ಕೊನೆಯವರೆಗೂ ಅವರ ಆರೈಕೆ ಮಾಡಿದವರು. ಸರ್ಕಾರ ತನಿಖೆ ನಡೆಸಿ ಸಹಜ ಸಾವೆಂದು ಲೋಕಸಭೆಯಲ್ಲಿ ಹೇಳಿತು. ಸರ್ಕಾರದ ಮಾತು ನಂಬಬೇಡಿ, ಸರಿ. ಆದರೆ ದೂರಿದವರು ಯಾವ ಸಾಕ್ಷಿ ಇಟ್ಟರು? ಅವರ ಹುಟ್ಟನ್ನಲ್ಲದೆ ಬೇರೇನನ್ನೂ ಇಡಲಿಲ್ಲ. ಹುಟ್ಟನ್ನು ನೋಡಿ ಅಪರಾಧ ಹೊರಿಸುವುದು ಯಾರ ಶಾಸ್ತ್ರ ಗೆಳೆಯರೇ? ಅದನ್ನು ಸುಡುವುದಕ್ಕೇ ಅಲ್ಲವೆ ನಾವು ಹೊರಟಿರುವುದು? ಆ ತಾಯಿ 2003ರವರೆಗೆ ಬದುಕಿದ್ದರು. ಆ ಮಾತೂ ಅಷ್ಟು ಕಾಲ ಅವರ ಬೆನ್ನ ಹಿಂದೆ ಬಂತು. ಇವತ್ತಿಗೂ ನಮ್ಮ ಹಾಸ್ಟೆಲುಗಳಲ್ಲಿ ಅದನ್ನು ಪಿಸುಗುಡುವವರಿದ್ದಾರೆ. ನಾವೇ ಒಂದು ಕಾಲಕ್ಕೆ ಪಿಸುಗುಟ್ಟಿದ್ದೇವೆ. ತಪ್ಪಾಯಿತು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಅದಕ್ಕೇ ನಮ್ಮ ವಿನಂತಿ. ಒಂದು ಸಾವಿನ ಬಗ್ಗೆ ಯಾರಾದರೂ "ಅದರ ಹಿಂದೆ ದೊಡ್ಡ ಕೈ ಇದೆ" ಅಂದರೆ, ಹೂಂಗುಟ್ಟುವ ಮೊದಲು ಕೇಳಿ: ಯಾರು ನೋಡಿದರು? ಎಲ್ಲಿ ಬರೆದಿದೆ? ಈ ಮಾತು ನಂಬಿದರೆ ಯಾರ ಕೊರಳಿಗೆ ಹಗ್ಗ ಬೀಳುತ್ತೆ? ಉತ್ತರ ಸಿಗದಿದ್ದರೆ ಗೊತ್ತಿಲ್ಲ ಅನ್ನಿ. ಗೊತ್ತಿಲ್ಲ ಅನ್ನುವುದಕ್ಕೆ ಹೆದರಬೇಡಿ. ಉತ್ತರ ಸಿಕ್ಕರೆ ಬಿಡಬೇಡಿ. ತಾರೀಖು ಹಾಕಿ ಬರೆದಿಡಿ, ಪ್ರತಿ ಮಾಡಿ ಹಂಚಿ, ಅರ್ಜಿ ಹಾಕಿ, ಹಟ ಹಿಡಿದು ಕೂರಿ. ನಮಗೆ ಅಕ್ಷರ ಸಿಕ್ಕಿರುವುದು ಪಿಸುಗುಡುವುದಕ್ಕಲ್ಲ. ಕೊಂದವರಿಗೆ ನಮ್ಮ ಅನುಮಾನದಿಂದ ಏನೂ ಆಗುವುದಿಲ್ಲ, ಅದನ್ನು ಅವರು ನಗುತ್ತಾ ಕೇಳಿಸಿಕೊಳ್ಳುತ್ತಾರೆ. ಅವರು ಹೆದರುವುದು ಬರೆದಿಟ್ಟ ಹಾಳೆಗೆ.

ಮೆಸ್ಸಿನಲ್ಲಿ ಮಾತು ಬಿಟ್ಟ ಇಬ್ಬರು ಗೆಳೆಯರು ಇದನ್ನು ಓದಿ ಮತ್ತೆ ಮಾತಾಡಲಿ. ಮತ್ತೆ ಜಗಳವನ್ನೂ ಆಡಲಿ, ಸಾಕ್ಷಿ ಮುಂದಿಟ್ಟುಕೊಂಡು. ಪ್ರಶ್ನೆ ಕೇಳಿದ ಆ ಚಿಕ್ಕ ಹುಡುಗನಿಗೆ ನಮ್ಮ ಉತ್ತರ ಇದು, ತಡವಾಗಿ: ತಮ್ಮಾ, ಜೈಲಿಗೆ ಹೋದವರು ಮಹಮ್ಮದ್ ಅಜೀಜ್ ಮತ್ತು ಖಲೀಲ್ ಇಸ್ಲಾಂ. ಅವರು ಕೊಂದಿರಲಿಲ್ಲ. ಹೆಸರು ನೆನಪಿಟ್ಟುಕೋ.

ಜೈ ಭೀಮ್.