ಬಿದ್ದವರನ್ನು ಎತ್ತುವ ಮುನ್ನ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಕಾಲ ಬಂತೆಂದರೆ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಜೋಡಿಸಲು ಬ್ಯಾರನ್ ಒಳಗೆ ಮೇಲಿನವರೆಗೂ ಹತ್ತಬೇಕು. ಕೆ.ಆರ್. ನಗರದ ತೋಟಗಳಲ್ಲಿ ತೆಂಗಿನ ಮರ ಹತ್ತುವವರಿದ್ದಾರೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನಿಗಾಗಿ ಮರವೇರುವುದು ಜೇನುಕುರುಬರ ಹಳೆಯ ಕಸುಬು. ಹತ್ತುವವರು ಒಮ್ಮೊಮ್ಮೆ ಜಾರಿ ಬೀಳುವುದೂ ಉಂಟು. ಆಗ ಸುತ್ತಲಿನವರು ಓಡಿಬಂದು, ಒಬ್ಬರು ಕಂಕುಳಿಗೆ ಕೈಹಾಕಿ, ಇನ್ನೊಬ್ಬರು ಕಾಲು ಹಿಡಿದು, ಎತ್ತಿ ಆಟೊದಲ್ಲಿ ಕೂರಿಸಿಬಿಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬಿದ್ದಾಗ ಆಗದಿದ್ದ ಹಾನಿ ಎತ್ತುವಾಗ ಆಗಬಹುದು! ಅದು ಹೇಗೆ?

ಇದಕ್ಕೆ ಉತ್ತರ ತಲೆಬುರುಡೆ ಮತ್ತು ಬೆನ್ನುಮೂಳೆಯ ರಚನೆಯಲ್ಲಿದೆ.

ತಲೆಬುರುಡೆ ಒಂದೇ ಮೂಳೆಯಂತೆ ಕಂಡರೂ ಅದರಲ್ಲಿ 22 ಮೂಳೆಗಳಿವೆ. 8 ಮೂಳೆಗಳು ಸೇರಿ ಮಿದುಳಿಗೆ ಪೆಟ್ಟಿಗೆಯಾಗಿವೆ. ಉಳಿದ 14 ಮುಖದವು. ಇವುಗಳಲ್ಲಿ ಕೀಲಿನ ಮೇಲೆ ಆಡುವುದು ಕೆಳದವಡೆಯೊಂದೇ. ಪೆಟ್ಟಿಗೆಯ ಮೂಳೆಗಳ ಅಂಚುಗಳು ಗರಗಸದ ಹಲ್ಲಿನಂತೆ ಒಂದಕ್ಕೊಂದು ಕಚ್ಚಿಕೊಂಡಿವೆ. ಹುಟ್ಟಿದ ಕೂಸಿನಲ್ಲಿ ಈ ಕೂಡುಗಳು ಇನ್ನೂ ಬಿಗಿದಿರುವುದಿಲ್ಲ. ಅಜ್ಜಿಯರು ಎಣ್ಣೆ ಹಚ್ಚುವ ನೆತ್ತಿಯ ಮೆತ್ತನೆಯ ಜಾಗ ಇದೇ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಅದು ಕೂಡಿಕೊಳ್ಳುತ್ತದೆ.

ಬುರುಡೆಯ ತಳದಲ್ಲಿ ಒಂದು ದೊಡ್ಡ ರಂಧ್ರವಿದೆ. ಮಿದುಳಿನ ಕೆಳತುದಿ ಅಲ್ಲಿಂದ ಹೊರಟು ಬೆನ್ನುಹುರಿಯಾಗಿ ಮುಂದುವರಿಯುತ್ತದೆ. ಅನೇಕರು ಬೆನ್ನುಹುರಿ, ಬೆನ್ನುಮೂಳೆ ಎರಡೂ ಒಂದೇ ಎಂದುಕೊಂಡಿದ್ದಾರೆ. ಬೆನ್ನುಮೂಳೆ ಎಂಬುದು ಮಣಿಗಳ ಸಾಲು. ಆ ಮಣಿಗಳ ನಡುವಿನ ಕೊಳವೆಯಲ್ಲಿ ಇಳಿಯುವ, ಕಿರುಬೆರಳಿನಷ್ಟು ದಪ್ಪದ ಮೃದುವಾದ ನರಗಳ ಹಗ್ಗವೇ ಬೆನ್ನುಹುರಿ. ಇದರಿಂದ 31 ಜೊತೆ ನರಗಳು ಕವಲೊಡೆದು ಕೈಕಾಲು, ಎದೆ, ಹೊಟ್ಟೆಗಳಿಗೆ ಹೋಗುತ್ತವೆ.

ಮಕ್ಕಳ ಬೆನ್ನಿನಲ್ಲಿ 33 ಮಣಿಗಳು: ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ 5, ತುದಿಯಲ್ಲಿ ಸಾಮಾನ್ಯವಾಗಿ 4. ದೊಡ್ಡವರಾದಂತೆ ಕೊನೆಯ ಎರಡು ಗುಂಪುಗಳು ಬೆಸೆದು ಒಂದೊಂದೇ ಮೂಳೆಯಾಗುವುದರಿಂದ ಲೆಕ್ಕ 26ಕ್ಕೆ ಇಳಿಯುತ್ತದೆ. ನಾಗರಹೊಳೆಯ ಆನೆಗೂ, ಮೈಸೂರು ಮೃಗಾಲಯದ ಜಿರಾಫೆಗೂ ಕತ್ತಿನಲ್ಲಿರುವುದು ಇದೇ 7 ಮಣಿಗಳು! ತಲೆ ಬಗ್ಗಿಸಿ ಕತ್ತಿನ ಹಿಂಬದಿ ಬೆರಳಾಡಿಸಿದರೆ ಉಬ್ಬಿಕೊಂಡು ಸಿಗುವುದು ಸಾಮಾನ್ಯವಾಗಿ 7ನೆಯದು. ಮೊದಲನೆಯದು ಬಳೆಯಂತಿದೆ, ಬುರುಡೆ ಅದರ ಮೇಲೆ ಕೂತು ‘ಹೌದು’ ಎಂದು ತಲೆಯಾಡಿಸುತ್ತದೆ. ಎರಡನೆಯದರ ಗೂಟದ ಸುತ್ತ ಆ ಬಳೆ ತಿರುಗಿದಾಗ ತಲೆ ‘ಇಲ್ಲ’ ಎನ್ನುತ್ತದೆ. ಇಷ್ಟು ಸುಲಭವಾಗಿ ತಿರುಗುವ ಕಾರಣಕ್ಕೇ ಕತ್ತಿಗೆ ಪೆಟ್ಟಿನ ಭಯವೂ ಹೆಚ್ಚು.

ಬಿದ್ದಾಗ ಮಣಿಯೊಂದು ಮುರಿದರೂ ಹುರಿ ಉಳಿದಿರಬಹುದು. ಆಗ ಕತ್ತು ಜೋತುಬೀಳುವಂತೆ ಎತ್ತಿದರೆ, ಸೊಂಟ ಮಡಿಸಿ ಕೂರಿಸಿದರೆ, ಮುರಿದ ಮಣಿ ಸರಿದು ಹುರಿಯನ್ನು ಜಜ್ಜಬಹುದು. ಮುರಿದ ಮೂಳೆ ಕೂಡುತ್ತದೆ. ತುಂಡಾದ ಬೆನ್ನುಹುರಿಯನ್ನು ಮತ್ತೆ ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೂ ಇಲ್ಲ. ಸೊಂಟದ ಮೇಲ್ಭಾಗದಲ್ಲಿ ಹುರಿಗೆ ಪೆಟ್ಟಾದರೆ ಕಾಲುಗಳ ಬಲ, ಮೂತ್ರದ ಹತೋಟಿ ಹೋಗಬಹುದು. ಕತ್ತಿನಲ್ಲಾದರೆ ಕೈಗಳೂ ಹೋಗಬಹುದು, ಉಸಿರಾಟವೇ ನಿಲ್ಲಬಹುದು.

ಹಾಗಾದರೆ ಮಾಡಬೇಕಾದುದೇನು? ಬೆಂಕಿ, ವಾಹನಗಳಂಥ ಅಪಾಯ ಇಲ್ಲದಿದ್ದರೆ ಬಿದ್ದವರನ್ನು ಬಿದ್ದಲ್ಲೇ ಅಲುಗಾಡದಂತೆ ಮಲಗಿರಲು ಬಿಡಬೇಕು. ಒಬ್ಬರು ತಲೆಯ ಎರಡೂ ಪಕ್ಕ ಕೈಯಿಟ್ಟು ಕತ್ತು ಆಡದಂತೆ ಹಿಡಿಯಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಕಾಲ್ಬೆರಳು ಆಡುತ್ತದೆಯೇ, ಜೋಮು ಹಿಡಿದಿದೆಯೇ ಎಂದು ಕೇಳಬಹುದು. ಎದ್ದು ಕೂರಲು ಹೇಳಬಾರದು, ನೀರು ಕುಡಿಸಬಾರದು. ವಾಂತಿ ಬಂದರೆ ತಲೆ, ಮೈ, ಕಾಲುಗಳನ್ನು ಒಂದೇ ಸಲಕ್ಕೆ, ಮರದ ದಿಮ್ಮಿ ಹೊರಳಿಸಿದಂತೆ ಪಕ್ಕಕ್ಕೆ ಹೊರಳಿಸಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ನೇರವಾಗಿ ಮಲಗಿಸಿಯೇ ಸಾಗಿಸಬೇಕು. ಬೈಕಿನಿಂದ ಬಿದ್ದವರಿಗೂ ಇದೇ ಮಾತು. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ಕೀಳುವ ಆತುರ ಬೇಡ. ಉಸಿರೇ ನಿಂತಿದ್ದರೆ ಮಾತ್ರ ಮೊದಲ ಗಮನ ಉಸಿರಿನ ಕಡೆಗೆ.

ಪರೀಕ್ಷೆಗೆಂದು ಬೆನ್ನುಮೂಳೆಯ ಚಿತ್ರ ಬರೆದು ಹೆಸರು ಗುರುತಿಸುವ ಮಕ್ಕಳು ಇದನ್ನು ಮನೆಯಲ್ಲಿ ಹಿರಿಯರಿಗೂ ಹೇಳಲಿ. ಬ್ಯಾರನ್ ಹತ್ತುವವರ ಮನೆಯಲ್ಲಿ ಒಂದು ಗಟ್ಟಿ ಹಲಗೆ ಸಿದ್ಧವಿದ್ದರೆ ಒಳ್ಳೆಯದು.